ಮಂದೆ ಇದ್ದಲ್ಲಿ ಮಂದಿ

ಚಳ್ಳಕೆರೆಯಿಂದ ನಾಯಕನಹಟ್ಟಿಗೆ, ಅಲ್ಲಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವ ದಾರಿಯಲ್ಲಿ ವರ್ಷದ ಬಹುಪಾಲು ಕಾಣುವುದು ಶೇಂಗಾ ಹೊಲ, ಜಾಲಿ, ಬಂಡೆಗುಡ್ಡ, ಬಿಟ್ಟರೆ ಗಾಳಿ. ಮಳೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು; ಎಷ್ಟೋ ವರ್ಷ ಅಷ್ಟೂ ಬೀಳುವುದಿಲ್ಲ. ಹಾಗಾಗಿ ಹಟ್ಟಿಗಳಲ್ಲಿ ದುಡಿಯುವ ವಯಸ್ಸಿನವರು ಕಡಿಮೆ. ಬೆಂಗಳೂರಿನ ಕಟ್ಟಡ ಕೆಲಸ, ಗಾರ್ಮೆಂಟ್ಸ್, ಲಾರಿ, ಪೊಲೀಸ್ ನೌಕರಿ, ಮೇಷ್ಟರ ಕೆಲಸ ಎಂದು ಹಂಚಿಹೋಗಿದ್ದಾರೆ. ಹಬ್ಬ ಬಂತೆಂದರೆ ಅದೇ ಹಟ್ಟಿಯಲ್ಲಿ ಬೈಕು, ಟೆಂಪೊ ನಿಲ್ಲಿಸಲು ಜಾಗ ಇರುವುದಿಲ್ಲ. ಬಂದವರು ಮೊದಲು ನೋಡಲು ಹೋಗುವುದು ಅಜ್ಜಿಯನ್ನೂ ಅಲ್ಲ, ಹೊಲವನ್ನೂ ಅಲ್ಲ. ದೇವರ ಎತ್ತುಗಳನ್ನು.

ಒಂದು ಸಮುದಾಯ ಹೇಗೆ ಚದುರುತ್ತದೆ ಎಂಬ ಬಗ್ಗೆ ನಮ್ಮಲ್ಲಿ ಬರಹಕ್ಕೆ ಬರವಿಲ್ಲ. ಬರಗಾಲ, ಗುಳೆ, ಪೇಟೆ, ಓದು, ಎಲ್ಲವನ್ನೂ ಹೇಳಿ ಮುಗಿಸಿದ್ದೇವೆ. ಚದುರಿದವರು ಮತ್ತೆ ಹೇಗೆ ಕೂಡುತ್ತಾರೆ, ಯಾತಕ್ಕೆ ಕೂಡುತ್ತಾರೆ, ಕೂಡಲು ಏನು ಬೇಕು ಎಂಬುದನ್ನು ಅಷ್ಟಾಗಿ ಕೇಳಿಲ್ಲ. ಆ ಪ್ರಶ್ನೆಗೆ ಚಳ್ಳಕೆರೆ ಮತ್ತು ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರಲ್ಲಿ ಒಂದು ಉತ್ತರವಿದೆ. ಅದನ್ನು ಅರ್ಥ ಮಾಡಿಕೊಳ್ಳಲು ಕೊನೆಗೆ ನಾನು ಇಂಗ್ಲೆಂಡಿನ ಪೂರ್ವ ಕರಾವಳಿಯ ಹಾಯಿದೋಣಿಗಳವರೆಗೂ ಹೋಗಬೇಕಾಯಿತು. ಬಯಲುಸೀಮೆಯ ದನಕ್ಕೂ ಅಲ್ಲಿನ ಹಡಗಿಗೂ ಏನು ಸಂಬಂಧ ಎಂದು ನಗಬೇಡಿ. ಸಂಬಂಧ ಇದೆ, ಅದೂ ಹುಲ್ಲಿನದು.

ಮೊದಲು ಎತ್ತುಗಳ ವಿಷಯ. ಚಿತ್ರದುರ್ಗ ಸೀಮೆಯ ಬೇಡರಲ್ಲಿ ಊರಬೇಡರು, ಮ್ಯಾಸಬೇಡರು ಎಂಬ ಎರಡು ಕವಲು. ಮ್ಯಾಸಬೇಡರೆಂದರೂ ಮ್ಯಾಸನಾಯಕರೆಂದರೂ ಒಂದೇ. ಊರಬೇಡರು ಕೋಟೆ, ಪಾಳೆಯಪಟ್ಟು, ಬೇಸಾಯಗಳ ಕಡೆಗೆ ಹೊರಳಿದವರು. ಮ್ಯಾಸದವರು ಅಡವಿ ಅಂಚಿನ ಹಟ್ಟಿಗಳಲ್ಲಿ ದನದೊಂದಿಗೆ ಉಳಿದವರು. ಮನೆಯಲ್ಲಿ ತೆಲುಗು ಬೆರೆತ ಮಾತು, ಹೊರಗೆ ಕನ್ನಡ. ಕೋಳಿ ತಿನ್ನುವುದಿಲ್ಲ, ಹಳೆಯ ಕಟ್ಟಿನ ಹಟ್ಟಿಗಳಲ್ಲಿ ಕೋಳಿ ಸಾಕುವುದೂ ಇಲ್ಲ. ಹೆಂಡದ ವಿಷಯದಲ್ಲೂ ಅಂಥದೇ ಬಿಗಿ ಕಟ್ಟಳೆ. ನನ್ನಿವಾಳ, ಗೋನೂರು ಮುಂತಾದ ಕಟ್ಟೆಮನೆಗಳು ನ್ಯಾಯ, ನಡಾವಳಿ, ಹಬ್ಬದ ದಿನ ಎಲ್ಲವನ್ನೂ ತೀರ್ಮಾನಿಸುವ ಹಳೆಯ ಪೀಠಗಳು. ಬೋಸೇದೇವರು, ಕಂಪಳರಂಗಸ್ವಾಮಿ, ಗಾದ್ರಿಪಾಲನಾಯಕ ಎಂದು ದೇವರು ಬೇರೆ ಬೇರೆ. ಇವರಲ್ಲಿ ಹಲವರು ಒಂದು ಕಾಲಕ್ಕೆ ದನ ಕಾಯ್ದವರು, ದನಕ್ಕಾಗಿ ಕಾದಾಡಿದವರು, ಸತ್ತ ಮೇಲೆ ದೇವರಾದವರು.

ದನ ಕಾಯ್ದವನು ದೇವರಾದ ಮೇಲೆ ಅವನಿಗೆ ದನ ಬೇಡವೇ? ಹಾಗಾಗಿ ಒಂದೊಂದು ದೇವರಿಗೂ ಒಂದೊಂದು ಮಂದೆ. ಹೆಸರಿಗೆ ದೇವರ ಎತ್ತು ಎಂದರೂ ಅದರಲ್ಲಿ ಆಕಳು, ಕರು, ಹೋರಿ, ಮುದಿ ದನ ಎಲ್ಲವೂ ಇರುತ್ತವೆ. ಇವನ್ನು ನೇಗಿಲಿಗೆ ಹೂಡುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಒಕ್ಕಲಿನವರು ಹರಕೆ ಹೊತ್ತು ಕರು ಬಿಡುತ್ತಾರೆ, ಮಂದೆ ಬೆಳೆಯುತ್ತದೆ. ಒಂದು ಎತ್ತು ಸತ್ತರೆ ಪೂಜೆ ಮಾಡಿ, ಮೆರವಣಿಗೆ ತೆಗೆದು, ಮನುಷ್ಯರನ್ನು ಮಣ್ಣು ಮಾಡಿದ ಹಾಗೆಯೇ ಮಣ್ಣು ಮಾಡುತ್ತಾರೆ. ಮಂದೆಯನ್ನು ನೋಡಿಕೊಳ್ಳುವವನು ಕಿಲಾರಿ. ಬೆಳಗಾದರೆ ಬಿಟ್ಟುಕೊಂಡು ಹೋಗುವುದು, ಸಂಜೆ ರೊಪ್ಪಕ್ಕೆ ತರುವುದು, ಬೇಸಿಗೆಯಲ್ಲಿ ನೀರಿದ್ದ ಕಡೆಗೆ ಬಿಡಾರ ಬದಲಿಸುವುದು ಅವನ ಬದುಕು. ಸಂಬಳವೆಂಬುದು ಹಿಂದೆ ಇರಲಿಲ್ಲ. ಒಕ್ಕಲಿನ ಮನೆಗಳಿಂದ ಕಾಳುಕಡಿ, ಬಟ್ಟೆ, ಹಬ್ಬದಲ್ಲಿ ಮರ್ಯಾದೆ. ಕಿಲಾರಿಗಳಿಗೆ ಸರ್ಕಾರ ಮಾಸಾಶನ ಕೊಡಬೇಕೆಂಬ ಬೇಡಿಕೆ ಬಹಳ ವರ್ಷಗಳಿಂದ ಇದೆ. ಬೇಡಿಕೆಯಾಗಿಯೇ ಇದೆ.

ಲೆಕ್ಕದ ಕಣ್ಣಿನಿಂದ ನೋಡಿದರೆ ಇದು ಶುದ್ಧ ನಷ್ಟದ ವ್ಯವಹಾರ. ಉಳುಮೆ ಇಲ್ಲ, ಮಾರಾಟ ಇಲ್ಲ, ಹಾಲಿನ ಡೇರಿಯೂ ಇಲ್ಲ. ಆದರೆ ನೂರಾರು ಮನೆಗಳು ಸೇರಿ ನಷ್ಟದಲ್ಲಿ ನಡೆಸುವ ಈ ಮಂದೆಯೇ ಆ ನೂರಾರು ಮನೆಗಳ ಹಾಜರಿ ಪುಸ್ತಕ. ಯಾರು ಮೇವಿಗೆ ಕೊಟ್ಟರು, ಯಾರು ಕೊಡಲಿಲ್ಲ, ಯಾರ ಮಗ ಬೆಂಗಳೂರಿನಲ್ಲಿದ್ದೂ ಒಂದು ಲೋಡ್ ಹುಲ್ಲು ಕಳಿಸಿದ, ಯಾರ ಮನೆಯವರು ಮೂರು ಹಬ್ಬದಿಂದ ಮುಖ ತೋರಿಸಿಲ್ಲ, ಎಲ್ಲವೂ ಅಲ್ಲಿ ಗೊತ್ತಾಗುತ್ತದೆ. ಹಬ್ಬದಲ್ಲಿ ಪರಿಚಯವಿಲ್ಲದ ಇಬ್ಬರು ಎದುರಾದರೆ ಯಾವ ಊರು, ಏನು ಕೆಲಸ ಎಂಬ ಪ್ರಶ್ನೆ ಆಮೇಲೆ. ಮೊದಲ ಪ್ರಶ್ನೆ, “ಯಾವ ದೇವರ ಒಕ್ಕಲಪ್ಪ ನೀವು?” ಅದಕ್ಕೆ ಉತ್ತರ ಸಿಕ್ಕರೆ ಮುಂದಿನದೆಲ್ಲ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅಣ್ಣತಮ್ಮಿಕೆಯೋ ನೆಂಟಸ್ತಿಕೆಯೋ, ಹೆಣ್ಣು ತರಬಹುದೋ ಬಾರದೋ, ಮಾವ ಎನ್ನಬೇಕೋ ಚಿಕ್ಕಪ್ಪ ಎನ್ನಬೇಕೋ.

ಈ ನೆಂಟಸ್ತಿಕೆಯ ಹರಹು ತಾಲ್ಲೂಕು ಕಚೇರಿಯ ನಕ್ಷೆಗೆ ಹೊಂದುವುದಿಲ್ಲ. ಹಳೆಯ ಮೈಸೂರು ಸಂಸ್ಥಾನದ ಮೊಳಕಾಲ್ಮೂರು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೆ ಚಾಚಿಕೊಂಡಿದ್ದ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆಲೂರು, ಆದೋನಿ, ರಾಯದುರ್ಗ ಆಂಧ್ರಕ್ಕೆ ಹೋದವು. ರಾಯದುರ್ಗ ಮೊಳಕಾಲ್ಮೂರಿನ ಪಕ್ಕದ ಊರು. ಒಂದೇ ದೇವರ ಒಕ್ಕಲಿನ ಒಂದು ಮನೆಯವರು ಒಂದು ರಾಜ್ಯದಲ್ಲಿ, ಇನ್ನೊಂದು ಮನೆಯವರು ಇನ್ನೊಂದು ರಾಜ್ಯದಲ್ಲಿ. ಮಕ್ಕಳ ಶಾಲೆಯ ಭಾಷೆ ಬೇರೆಯಾಯಿತು, ಮೀಸಲಾತಿಯ ಪಟ್ಟಿ ಬೇರೆಯಾಯಿತು, ಪಡಿತರ ಬೇರೆಯಾಯಿತು. ಮಂದೆ ಮಾತ್ರ ಬೇರೆಯಾಗಲಿಲ್ಲ. ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಭಾದ್ರಪದದಲ್ಲಿ ನಡೆಯುವ ಮಾರಮ್ಮನ ಜಾತ್ರೆಗೆ ಇವತ್ತಿಗೂ ಆಂಧ್ರದ ಕಡೆಯಿಂದ ಜನ ಬರುತ್ತಾರೆ; ತುಮಲು ಎಂಬ ಬಯಲಿನಲ್ಲಿ ದೇವಿಗೆ ಈರುಳ್ಳಿ ತೂರುವವರ ನಡುವೆ ನಿಂತು ಕೇಳಿದರೆ ಎರಡು ಭಾಷೆ ಬೇರೆ ಮಾಡಲಾರದಷ್ಟು ಕಲಸಿರುತ್ತವೆ.

ಮ್ಯಾಸದವರ ಮಾತಾಡುವಾಗ ಕಾಡುಗೊಲ್ಲರನ್ನು ಬಿಡಲಾಗದು. ಒಂದೇ ಬಯಲಿನ ಇನ್ನೊಂದು ಪಶುಪಾಲಕ ಸಮುದಾಯ ಅವರದು. ಮುಳ್ಳುಬೇಲಿಯೊಳಗಿನ ಗೊಲ್ಲರಹಟ್ಟಿ, ಕುರಿ, ಕಂಬಳಿ, ಗಣೆ ಎಂಬ ಉದ್ದನೆಯ ಕೊಳಲು, ಅವರ ವೀರ ಜುಂಜಪ್ಪನ ಕಥೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಹತ್ತಿರದ ವಸಲುದಿನ್ನೆಯಲ್ಲಿ ಕ್ಯಾತಪ್ಪನ ಜಾತ್ರೆ ನಡೆಯುತ್ತದೆ. ಅಲ್ಲಿ ದೇವರಿಗೆ ಕಟ್ಟುವುದು ಮುಳ್ಳಿನ ಗುಡಿ. ಎತ್ತರಕ್ಕೆ ಒಟ್ಟಿದ ಮುಳ್ಳುಕಂಟಿಯ ಮೇಲೆ ಬರಿಗಾಲಲ್ಲಿ ಹತ್ತಿ ಕಳಸ ಕೀಳುವ ಯುವಕರನ್ನು ನೋಡಲು ಸಾವಿರಾರು ಜನ ನೆರೆಯುತ್ತಾರೆ. ಪತ್ರಿಕೆಗಳಿಗೆ ಆ ಮುಳ್ಳಿನದೇ ಫೋಟೊ ಬೇಕು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಮುಳ್ಳು ಕಡಿದು ತರುವುದು. ಗುಡಿ ಪ್ರತಿ ವರ್ಷ ಹೊಸದು. ಹಾಗಾಗಿ ಮುಳ್ಳು ತರುವವರು, ಒಟ್ಟುವವರು, ಕಾಯುವವರು ಪ್ರತಿ ವರ್ಷವೂ ಬೇಕು. ಕಲ್ಲಿನ ಗುಡಿ ಕಟ್ಟಿದ್ದರೆ ಒಂದು ಸಲದ ಕೆಲಸಕ್ಕೆ ಒಂದು ಸಲ ಸೇರಿ ಮುಗಿಯುತ್ತಿತ್ತು.

ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ನಾಲಿಗೆಯ ಮೇಲೆ ಸಾವಿರಾರು ಸಾಲಿನ ಹಾಡು ಇಟ್ಟುಕೊಂಡಿದ್ದವರು. ಅವರನ್ನು ಕನ್ನಡಿಗರಿಗೆ ತೋರಿಸಿಕೊಟ್ಟವರು ಕೃಷ್ಣಮೂರ್ತಿ ಹನೂರು. ಸಿರಿಯಜ್ಜಿಯ ಹಾಡುಗಳ ಸಂಗ್ರಹ ‘ಸಾವಿರದ ಸಿರಿ ಬೆಳಗು’ ಅವರದೇ. ಮ್ಯಾಸಬೇಡರ ಕಥನಗಳ ಮೇಲೂ ಹನೂರರ ಕೆಲಸ ದೊಡ್ಡದು. ಹಂಪಿ ವಿಶ್ವವಿದ್ಯಾಲಯದ ನಾಡೋಜ ಗೌರವ ಪಡೆದ ಸಿರಿಯಜ್ಜಿ 2009ರಲ್ಲಿ ತೀರಿಕೊಂಡರು. ಹಾಡು ಪುಸ್ತಕದಲ್ಲಿ ಉಳಿದಿದೆ. ಮಂದೆಯ ಹಿಂದೆ ನಡೆಯುತ್ತ ಹಾಡುವವರು ಎಷ್ಟು ಉಳಿದಿದ್ದಾರೆ ಎಂಬುದು ಮಂದೆ ಎಷ್ಟು ಉಳಿದಿದೆ ಎಂಬುದರ ಮೇಲೆಯೇ ನಿಂತಿದೆ.

ಹುಲ್ಲಿನ ಹಡಗು

ಈಗ ಇಂಗ್ಲೆಂಡಿಗೆ. ಲಂಡನ್ನಿನ ಪೂರ್ವಕ್ಕೆ ಥೇಮ್ಸ್ ನದಿ ಸಮುದ್ರ ಸೇರುವಲ್ಲಿಂದ ಎಸೆಕ್ಸ್, ಸಫೊಕ್ ಕರಾವಳಿಯುದ್ದಕ್ಕೂ ನೆಲ ತಗ್ಗು, ಅಳಿವೆಗಳು ಹೆಚ್ಚು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಮೈಲಿಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಅಂಥ ನೀರಿಗೆಂದೇ ಹುಟ್ಟಿದ್ದು ಥೇಮ್ಸ್ ಬಾರ್ಜ್ ಎಂಬ ಸರಕು ಹಾಯಿದೋಣಿ. ತಳ ಚಪ್ಪಟೆ, ನೀರು ಇಳಿದರೆ ಕೆಸರಿನ ಮೇಲೆ ನೆಟ್ಟಗೆ ಕೂರುತ್ತದೆ, ಏರಿದರೆ ತೇಲುತ್ತದೆ. ಕಾವಿ ಬಳಿದ ಕೆಂಪು ಹಾಯಿ. ಅಷ್ಟು ದೊಡ್ಡ ದೋಣಿಯನ್ನು ನಡೆಸುತ್ತಿದ್ದವರು ಹೆಚ್ಚಾಗಿ ಇಬ್ಬರೇ, ಒಬ್ಬ ನಾಯಕ ಮತ್ತು ಒಬ್ಬ ಜೊತೆಗಾರ. ನಮ್ಮ ಕರಾವಳಿಯ ಮಂಜಿ, ಪತ್ತೇಮಾರಿಗಳನ್ನು ಬಲ್ಲವರಿಗೆ ಇದೊಂದು ದೂರದ ನೆಂಟ ಎನಿಸೀತು.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಇಂಥ ದೋಣಿಗಳು ಎರಡು ಸಾವಿರದಷ್ಟಿದ್ದವು. ಇಟ್ಟಿಗೆ, ಸಿಮೆಂಟು, ಧಾನ್ಯ ಎಲ್ಲವನ್ನೂ ಹೊರುತ್ತಿದ್ದವು. ಅವುಗಳ ಇನ್ನೊಂದು ಬಗೆಯ ಕೆಲಸವೆಂದರೆ ಹುಲ್ಲು ಸಾಗಿಸುವುದು. ಆಗಿನ ಲಂಡನ್ ಕುದುರೆಗಳಿಂದ ಓಡುತ್ತಿದ್ದ ನಗರ. ಆ ಕುದುರೆಗಳಿಗೆ ಹುಲ್ಲು ಹೋಗುತ್ತಿದ್ದುದು ಎಸೆಕ್ಸ್, ಸಫೊಕ್‌ನ ಹೊಲಗಳಿಂದ, ಹಾಯಿಯ ಮೇಲೆ. ದೋಣಿಯ ಅಟ್ಟದ ಮೇಲೆ ಬಣವೆಯ ಎತ್ತರಕ್ಕೆ ಹುಲ್ಲು ಒಟ್ಟುತ್ತಿದ್ದರು. ಹಿಂದೆ ಚುಕ್ಕಾಣಿ ಹಿಡಿದವನಿಗೆ ಮುಂದೇನಿದೆ ಎಂದು ಕಾಣುತ್ತಿರಲಿಲ್ಲ. ಜೊತೆಗಾರ ಬಣವೆಯ ನೆತ್ತಿಯ ಮೇಲೆ ಕೂತು ಎಡಕ್ಕೆ, ಬಲಕ್ಕೆ ಎಂದು ಕೂಗಿ ಹೇಳಬೇಕಿತ್ತು. ವಾಪಸ್ಸು ಬರುವಾಗ ಅದೇ ದೋಣಿಯಲ್ಲಿ ಕುದುರೆಲದ್ದಿ ತುಂಬಿಕೊಂಡು ಬಂದು ಹೊಲಗಳಿಗೆ ಹಾಕುತ್ತಿದ್ದರು. ಮೇವು ಹೋಗಿ ಗೊಬ್ಬರವಾಗಿ ಬರುವ ಈ ಸುತ್ತು ಚಳ್ಳಕೆರೆಯ ರೈತನಿಗೆ ಬಿಡಿಸಿ ಹೇಳಬೇಕಾದ್ದಲ್ಲ. ಬೇಸಿಗೆಯಲ್ಲಿ ಕುರಿ ಮಂದೆಯನ್ನು ಹೊಲದಲ್ಲಿ ತಂಗಿಸಿಕೊಂಡು ಕುರಿಯವರಿಗೆ ಕಾಳು ಕೊಡುವವನು ಅವನು.

ಲಾರಿ ಬಂತು, ಕುದುರೆ ಹೋಯಿತು, ಹಾಯಿಗೆ ಕೆಲಸ ತಪ್ಪಿತು. 1906ರಲ್ಲಿ ಕಟ್ಟಿದ ‘ಕೇಂಬ್ರಿಯಾ’ ಎಂಬ ದೋಣಿ 1970ರಲ್ಲಿ ಸರಕು ಹೊರುವುದನ್ನು ನಿಲ್ಲಿಸಿದಾಗ, ಬರೀ ಹಾಯಿಯ ಬಲದಿಂದ ಬಾಡಿಗೆ ದುಡಿದ ಬ್ರಿಟನ್ನಿನ ಕೊನೆಯ ದೋಣಿ ಅದಾಗಿತ್ತು. ಅದನ್ನು ನಡೆಸುತ್ತಿದ್ದ ಬಾಬ್ ರಾಬರ್ಟ್ಸ್ ಜನಪದ ಹಾಡುಗಾರ ಕೂಡ. ಕಸುಬು ಮುಗಿಯುವ ಹೊತ್ತಿಗೆ ಅದನ್ನು ಹಾಡಿನಲ್ಲಿ ಇಟ್ಟುಕೊಂಡವನೊಬ್ಬ ಅಲ್ಲಿಯೂ ಇದ್ದ.

ಕಸುಬು ಹೋದ ಮೇಲೆ ಸಮುದಾಯವೂ ಕರಗಿ ಹೋಗಬೇಕಿತ್ತು. ಹೋಗಲಿಲ್ಲ. ಮಾಲ್ಡನ್ ಪಟ್ಟಣದ ಹೈಥ್ ಕಟ್ಟೆಯಲ್ಲಿ, ಆರ್ವೆಲ್ ನದಿಯ ದಡದ ಪಿನ್ ಮಿಲ್‌ನಲ್ಲಿ ಕೆಲವು ಡಜನ್ ದೋಣಿಗಳು ಇನ್ನೂ ನೀರಿನ ಮೇಲಿವೆ. ಬೇಸಿಗೆಯಲ್ಲಿ ಅವುಗಳ ಓಟದ ಪಂದ್ಯ ನಡೆಯುತ್ತದೆ. ಈ ಪಂದ್ಯಗಳ ಮೂಲ 1863ರದು; ಲಂಡನ್ನಿನ ಕಸ ಸಾಗಿಸಿ ಶ್ರೀಮಂತನಾದ ಹೆನ್ರಿ ಡಾಡ್ ಎಂಬುವವನು ದೋಣಿಯವರ ಕಸುಬಿಗೆ ಮಾನ ಬರಲೆಂದು ಶುರು ಮಾಡಿಸಿದ್ದು. ಇವತ್ತು ಅದರಲ್ಲಿ ಹಗ್ಗ ಎಳೆಯುವವರು ಮೇಷ್ಟರು, ಬಡಗಿ, ನಿವೃತ್ತರು, ಕಾಲೇಜು ಹುಡುಗರು. ಎಷ್ಟೋ ವರ್ಷ ಊರು ಬಿಟ್ಟಿದ್ದವರೂ ಒಂದು ಚಳಿಗಾಲ ದೋಣಿಯ ತಳ ಕೆರೆದು ಡಾಂಬರು ಬಳಿಯಲು ಬಂದರೆ ಮತ್ತೆ ಒಳಗಿನವರೇ. ಮರದ ದೋಣಿ ಸುಮ್ಮನೆ ಬಿಟ್ಟರೆ ಕೊಳೆಯುತ್ತದೆ, ಆದ್ದರಿಂದ ಪ್ರತಿ ವರ್ಷ ಕೈಗಳು ಬೇಕು.

ಮಂದೆಯೂ ಅಷ್ಟೇ. ನೆನಪಿಗೆ ದಿನಾ ಬೆಳಗ್ಗೆ ಹಸಿವಾಗುವುದಿಲ್ಲ, ದನಕ್ಕೆ ಆಗುತ್ತದೆ. ಚದುರಿದವರನ್ನು ಕೂಡಿಸುವುದು ಹಳೆಯದರ ಮೇಲಿನ ಮಮಕಾರ ಎಂದು ನಾವು ಸುಲಭಕ್ಕೆ ಹೇಳಿಬಿಡುತ್ತೇವೆ. ನನಗೆ ಹಾಗೆ ಕಾಣುವುದಿಲ್ಲ. ಎಲ್ಲರೂ ಸೇರಿ ನೋಡಿಕೊಳ್ಳದಿದ್ದರೆ ಸತ್ತೇ ಹೋಗುವಂಥದ್ದೊಂದು ನಡುವೆ ಇರಬೇಕು. ಅದಿಲ್ಲದ ಸಮುದಾಯ ವರ್ಷಕ್ಕೊಮ್ಮೆ ಕಲ್ಯಾಣ ಮಂಟಪದಲ್ಲಿ ಸೇರಿ, ಪ್ರತಿಭಾ ಪುರಸ್ಕಾರ ಹಂಚಿ, ಊಟ ಮಾಡಿ ಚದುರುವ ಸಂಘವಾಗುತ್ತದೆ. ಸಂಘ ಬೇಡವೆಂದಲ್ಲ. ಅದು ಇನ್ನೊಂದು ಜಾತಿಯ ವಸ್ತು.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಮುಂದಿನದು ವ್ಯತ್ಯಾಸ, ನಿಜವಾದ ವಿಷಯ ಇರುವುದೂ ಅಲ್ಲೇ.

ಇಂಗ್ಲೆಂಡಿನ ಕಾನೂನಿನಲ್ಲಿ ಭರತ ಇಳಿತ ಮುಟ್ಟುವ ನೀರಿನ ಮೇಲೆ ದೋಣಿ ನಡೆಸುವುದು ಸಾರ್ವಜನಿಕರ ಹಕ್ಕು. ದಡ ಯಾರದಾದರೂ ಇರಲಿ, ಅಳಿವೆಯ ನೀರಿಗೆ ಯಾರೂ ಸುಮ್ಮನೆ ಬೇಲಿ ಹಾಕುವಂತಿಲ್ಲ. ಹಾಗಾಗಿ ಕಸುಬು ಸತ್ತು, ಮತ್ತೆ ಜನ ದೋಣಿ ಹತ್ತಿದಾಗ ಅವರು ಹೋಗಬೇಕಾದ ನೀರು ಅಲ್ಲೇ ಇತ್ತು. ಚಳ್ಳಕೆರೆಯ ಮಂದೆ ಹೋಗಬೇಕಾದ ಬಯಲು ಹಾಗೆ ಉಳಿಯಲಿಲ್ಲ.

ಕಾವಲು

ಇಲ್ಲಿನ ಹುಲ್ಲುಗಾವಲುಗಳಿಗೆ ಕಾವಲು ಎಂದೇ ಹೆಸರು. ಅವಕ್ಕೆ ಅರಸರ ಕಾಲದ ಚರಿತ್ರೆ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗೆಂದು ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನೇ ಮಾಡಿದರು; ಸಂಸ್ಥಾನದ ಉದ್ದಗಲಕ್ಕೂ ಮೇವಿನ ಬಯಲುಗಳನ್ನು ಕಾದಿಟ್ಟರು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ಎತ್ತುಗಳು ತೋಪು ಎಳೆಯುತ್ತಿದ್ದ ವೇಗ ಇಂಗ್ಲಿಷರ ದಂಡಿಗೆ ತಲೆನೋವಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ಎತ್ತುಗಳು ಇಂಗ್ಲಿಷರ ತೋಪು ಎಳೆದವು. 1860ರಲ್ಲಿ ಖರ್ಚು ಉಳಿಸಲೆಂದು ಮಂದೆ ಮಾರಿ, ತಪ್ಪಾಯಿತೆಂದು ಅರಿತು 1866ರಲ್ಲಿ ಮತ್ತೆ ಕಟ್ಟಿದ್ದೂ ಅವರೇ. ಈಗ ಆ ತಳಿಯ ಮುಖ್ಯ ಕೇಂದ್ರ ಅಜ್ಜಂಪುರದಲ್ಲಿದೆ. ಕಾವಲುಗಳು ಮಾತ್ರ ಎಲ್ಲೆಡೆ ಕರಗಿದವು. ಹೊಲವಾದವು, ಸೈಟಾದವು, ನೀಲಗಿರಿ ತೋಪಾದವು.

ಚಳ್ಳಕೆರೆಯ ಸುತ್ತಲಿನ ವರವು ಕಾವಲು, ಖುದಾಪುರ ಕಾವಲು, ಉಳ್ಳಾರ್ತಿ ಕಾವಲು ಬಹುಕಾಲ ಉಳಿದುಕೊಂಡಿದ್ದವು. ಕೃಷ್ಣಮೃಗ, ತೋಳ ಇದ್ದವು, ದೊರವಾಯನ ಹಕ್ಕಿಯ ಸುದ್ದಿ ಇತ್ತು. ಕುರಿ, ದನ, ದೇವರ ಎತ್ತು ಎಲ್ಲಕ್ಕೂ ಅದೇ ಬಯಲು. 2010ರ ಆಸುಪಾಸಿನಲ್ಲಿ ರಾಜ್ಯ ಸರ್ಕಾರ ಈ ನೆಲವನ್ನು ವಿಜ್ಞಾನ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಜೊತೆಗೆ ಇಸ್ರೊಗೂ ಒಂದು ಪಾಲು. ಎಲ್ಲ ಸೇರಿ ಎಂಟು ಸಾವಿರ ಎಕರೆ ದಾಟುತ್ತದೆ. ಮೊದಲು ಕಾಂಪೌಂಡು ಬಂತು, ಆಮೇಲೆ ಸುದ್ದಿ ಬಂತು ಎನ್ನುವವರು ಸುತ್ತಲ ಹಳ್ಳಿಗಳಲ್ಲಿ ಈಗಲೂ ಸಿಗುತ್ತಾರೆ. 2013ರಲ್ಲಿ ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದೆ ಹೋಯಿತು. ಗೋಡೆ ನಿಂತೇ ಉಳಿಯಿತು.

ಸಂಸ್ಥೆಗಳು ಮಾಡಿದ ಕೆಲಸವನ್ನು ಹಗುರ ಮಾಡಬೇಕಿಲ್ಲ. 2017ರ ಮೇ ತಿಂಗಳಲ್ಲಿ ಇಲ್ಲಿ ವಿಮಾನ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರ ಬೆಳಗ್ಗೆ ಹೆಲಿಕಾಪ್ಟರಿನಿಂದ ಬಿಟ್ಟ ಇಸ್ರೊದ ರೆಕ್ಕೆಯ ವಾಹನ ತಾನೇ ದಾರಿ ನೋಡಿಕೊಂಡು ಬಂದು ಇದೇ ವಲಯದ ಓಡುದಾರಿಯಲ್ಲಿ ಇಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಖುದಾಪುರದ ಆವರಣದಲ್ಲಿ ಸರ್ಕಾರಿ ಶಾಲೆ ಕಾಲೇಜುಗಳ ವಿಜ್ಞಾನ ಮೇಷ್ಟರುಗಳಿಗೆ ಒಳ್ಳೆಯ ತರಬೇತಿ ಸಿಗುತ್ತದೆ. ದೇಶಕ್ಕೆ ಇವೆಲ್ಲ ಬೇಕು. ಆದರೆ ಹಂಚುವ ಕಾಗದದಲ್ಲಿ ಆ ನೆಲವನ್ನು ಖಾಲಿ ಜಾಗವೆಂದು ತಿಳಿದದ್ದು ತಪ್ಪು. ಒಂದು ಹುಲ್ಲುಗಾವಲು ವರ್ಷದ ಆರು ತಿಂಗಳು ಬೋಳಾಗಿ ಕಾಣುವುದು ಅದರ ಗುಣ. ಒಣಗಿದ ಹುಲ್ಲಿನ ಬುಡ ಮೊದಲ ಮಳೆಗೆ ಚಿಗುರುತ್ತದೆ. ಆ ಹೊತ್ತಿಗೆ ಮಂದೆ ಅಲ್ಲಿರಬೇಕು. ಕಂದಾಯದ ಕಣ್ಣಿಗೆ ಮಾತ್ರ ಉತ್ತಿಲ್ಲ, ಕಟ್ಟಿಲ್ಲ, ಆದ್ದರಿಂದ ಯಾರದೂ ಅಲ್ಲ.

ಬಯಲು ಹೋದ ಮೇಲೆ ಮೇವು ಎಲ್ಲಿಂದ ಬರಬೇಕು? ಹೊಲದಿಂದ. ಇಲ್ಲಿನ ಹೊಲ ಶೇಂಗಾದ್ದು. ಎಣ್ಣೆ ಗಿರಣಿಗಳಿಂದ ಚಳ್ಳಕೆರೆ ಎಣ್ಣೆ ನಗರವೆಂದು ಹೆಸರು ಪಡೆದದ್ದೂ ಈ ಬೆಳೆಯಿಂದಲೇ. ಶೇಂಗಾ ಹೊಟ್ಟು ದನಕ್ಕೆ ಒಳ್ಳೆಯ ಮೇವು. ಆದರೆ ಮಳೆ ಕೈಕೊಟ್ಟರೆ ಕಾಯಿಯೂ ಇಲ್ಲ, ಹೊಟ್ಟೂ ಇಲ್ಲ. ಹಿಂದೆ ಸಜ್ಜೆ, ನವಣೆ, ಜೋಳ ಹಾಕುತ್ತಿದ್ದಾಗ ಕಾಳು ಕಟ್ಟದಿದ್ದರೂ ಸೊಪ್ಪೆಯಾದರೂ ಉಳಿಯುತ್ತಿತ್ತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹೆಸರು ಪಟ್ಟಿಯಲ್ಲಿತ್ತು ಎಂದು ಬೇರೆ ಹೇಳಬೇಕಿಲ್ಲ, ಅಂಥ ಪಟ್ಟಿಯಲ್ಲಿ ಇವು ಇಲ್ಲದ ವರ್ಷಗಳನ್ನು ಎಣಿಸುವುದೇ ಸುಲಭ. ಅಂಥ ವರ್ಷಗಳಲ್ಲಿ ಗೋಶಾಲೆ ತೆರೆಯುತ್ತಾರೆ. ಮನೆಯ ದನವನ್ನು ಗೋಶಾಲೆಗೆ ಹೊಡೆದುಕೊಂಡು ಹೋಗುವುದು ಬೇರೆ, ಕಟ್ಟಿ ಅಭ್ಯಾಸವೇ ಇಲ್ಲದ ದೇವರ ಮಂದೆಗೆ ಮೇವು ಒದಗಿಸುವುದು ಬೇರೆ. ಮಂದೆ ಇರುವಲ್ಲಿಗೇ ಹುಲ್ಲು ಹೋಗಬೇಕು. ಸುತ್ತೋಲೆಗಳಿಗೆ ಈ ವ್ಯತ್ಯಾಸ ತಿಳಿಯಲು ಪ್ರತಿ ಸಲವೂ ಒಂದಷ್ಟು ದನ ಸಾಯಬೇಕಾಗುತ್ತದೆ.

ಚದುರಿದವರು ಕೂಡುವುದೂ ಇಂಥ ವರ್ಷಗಳಲ್ಲೇ. ಪೇಟೆ ಸೇರಿದ ಒಕ್ಕಲಿನವರು ಫೋನಿನಲ್ಲೇ ದುಡ್ಡು ಕೂಡಿಸಿ, ನೀರಾವರಿ ಸೀಮೆಯಿಂದ ಭತ್ತದ ಹುಲ್ಲು ಕೊಂಡು ಲಾರಿಯಲ್ಲಿ ಕಳಿಸುತ್ತಾರೆ. ಲಾರಿಯ ಜೊತೆ ಇಬ್ಬರು ಹುಡುಗರು ಬರುತ್ತಾರೆ. ಪೇಟೆಯಲ್ಲಿ ಹುಟ್ಟಿ ಬೆಳೆದವರಿಗೆ ಕಿಲಾರಿಯ ಪರಿಚಯವಾಗುವುದು, ತಮ್ಮ ಬೆಡಗು ಯಾವುದೆಂದು ಗೊತ್ತಾಗುವುದು ಹುಲ್ಲು ಇಳಿಸುವ ಆ ಹೊತ್ತಿನಲ್ಲಿ. ಬರ ಜನರನ್ನು ಊರಿನಿಂದ ಹೊರಡಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಕರೆಸಿಕೊಳ್ಳುವುದೂ ಉಂಟು. ಆದರೆ ಲಾರಿಯ ಹುಲ್ಲಿನ ಮೇಲೆ ಒಂದು ಬೇಸಿಗೆ ದಾಟಿಸಬಹುದು, ಎರಡು ದಾಟಿಸಬಹುದು. ಮಂದೆಯನ್ನು ಹಾಗೆ ತಲೆಮಾರು ದಾಟಿಸಲಾಗದು. ಬಯಲಿಲ್ಲದ ದೇವರ ಎತ್ತು ಕೊನೆಗೆ ಗುಡಿ ಮುಂದೆ ಕಟ್ಟಿದ ಎರಡು ಎತ್ತಾಗುತ್ತದೆ, ಕಿಲಾರಿ ಅರ್ಚಕನಾಗುತ್ತಾನೆ, ಹಬ್ಬ ಫೋಟೊ ಆಗುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಕೆರೆಗಳಿಗೆ ಬಂದ ಮೇಲೆ ಉಳಿದ ಕಾವಲಿನ ಮೇಲೂ ಕಣ್ಣು ಬೀಳದೇ ಇರದು. ನೀರು ಬರಲಿ, ಬೇಗ ಬರಲಿ. ನೀರಿನ ಜೊತೆ ಬರುವ ಜೆಸಿಬಿಯ ಬಗ್ಗೆ ಈಗಲೇ ಎಚ್ಚರ ಬೇಕು.

ದಾರಿ ಇಲ್ಲವೆಂದೇನಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಉಳುವವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದರ ಮೂರನೇ ಕಲಮು ಅರಣ್ಯ ಭೂಮಿಯಲ್ಲಿ ದನ ಮೇಯಿಸುವ ಹಕ್ಕನ್ನು, ನೆಲೆ ನಿಂತವರದಿರಲಿ ಅಲೆಯುವವರದಿರಲಿ, ಹೆಸರು ಹೇಳಿ ಮಾನ್ಯ ಮಾಡುತ್ತದೆ. ಪಶುಪಾಲಕ ಸಮುದಾಯಗಳ ಋತುಮಾನದ ಬಳಕೆಯನ್ನೂ ಸೇರಿಸುತ್ತದೆ. ಒಂಟಿ ಮನುಷ್ಯನಷ್ಟೇ ಅಲ್ಲ, ಸಮುದಾಯವೂ ಅರ್ಜಿ ಹಾಕಬಹುದು. ಅರ್ಜಿ ಶುರುವಾಗುವುದು ಗ್ರಾಮಸಭೆಯಿಂದ. ನಾಯಕರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದರಿಂದ ಇತರರ ಹಾಗೆ 75 ವರ್ಷಗಳ ವಾಸದ ದಾಖಲೆ ಒದಗಿಸುವ ಹೊರೆಯೂ ಅವರ ಮೇಲಿಲ್ಲ. ಎಲ್ಲ ಕಾವಲೂ ಕಾನೂನಿನ ಅರ್ಥದಲ್ಲಿ ಅರಣ್ಯವಲ್ಲ, ನಿಜ. ಯಾವುದು ಹೌದು, ಯಾವುದು ಅಲ್ಲ ಎಂದು ಸರ್ವೆ ನಂಬರ್ ಹಿಡಿದು ನೋಡಿದರೆ ತಿಳಿಯುತ್ತದೆ. ಹಾಗೆ ನೋಡುವ ಕೆಲಸ ಕಟ್ಟೆಮನೆಯ ಹಿರಿಯರೊಬ್ಬರಿಂದ ಆಗುವುದಲ್ಲ. ಪಹಣಿ ಓದಲು ಬರುವ, ಕಚೇರಿಯಲ್ಲಿ ದನಿ ತಗ್ಗಿಸದೆ ಮಾತಾಡಲು ಬರುವ, ಪೇಟೆಯಲ್ಲಿ ನೌಕರಿಯಲ್ಲಿರುವ ಮಕ್ಕಳಿಂದ ಆಗುವುದು.

ಹಬ್ಬಕ್ಕೆ ಊರಿಗೆ ಬರುವ ಬೆಂಗಳೂರಿನ, ದಾವಣಗೆರೆಯ, ಬಳ್ಳಾರಿಯ ಒಕ್ಕಲಿನವರಿಗೆ ಆದ್ದರಿಂದ ಒಂದು ಮಾತು. ಮುಂದಿನ ಸಲ ಬರುವಾಗ ಹುಲ್ಲಿನ ಲೋಡಿನ ಜೊತೆ ನಿಮ್ಮ ಹಟ್ಟಿಯ ಸುತ್ತಲಿನ ಕಾವಲುಗಳ ಸರ್ವೆ ನಂಬರುಗಳನ್ನೂ, ಹಕ್ಕಿನ ಅರ್ಜಿಯ ನಮೂನೆಯನ್ನೂ ತನ್ನಿ. ಗ್ರಾಮಸಭೆಯ ದಿನಾಂಕವನ್ನು ಪಂಚಾಯಿತಿ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಮಂದೆ ಯಾವ ತಿಂಗಳು ಯಾವ ಬಯಲಿನಲ್ಲಿ ಇರುತ್ತದೆ, ಯಾವ ಹಳ್ಳದಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ಕಿಲಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿ. ಸಭೆಯ ಮುಂದೆ ಇಡಬೇಕಾದ ಸಾಕ್ಷಿ ಅದೇ.